ಉಣ್ಣಿಯ ಬಾಣಂತನ

ಹೊಟ್ಟೆ ತುಂಬಿದರೆ ನನಗೆ ನಿದ್ದೆ ಬರುತ್ತದೆ. ಎಲ್ಲ ಜೀವಿಗಳ ಕತೆಯೂ ಇಷ್ಟೇ ಎಂದು ನಂಬಿ ಕೆಟ್ಟೆ. ಊರು ಬಿಟ್ಟು ಬಂದು ಸೇರಿದ ಈ ಕೊರ್ಲಿಮ್‌ನ ಕಾರ್ಖಾನೆಯಲ್ಲಿ ನನಗೆ ವಾರದ ರಜೆ ಸೋಮವಾರ. ನಮ್ಮ ನಾಯಿ ಕರಿಯನ ಮೈಯಿಂದ ಉಣ್ಣಿ ಕೀಳಲು ಪುರುಸೊತ್ತು ಸಿಗುವುದು ಅಂದು ಮಾತ್ರ. ಆದರೆ ವಿಜಯಪುರದ ಕಡೆಯ ನಮ್ಮ ಮನೆತನದಲ್ಲಿ ಸೋಮವಾರವೆಂದರೆ ಶಿವನ ವಾರ, ಇರುವೆಯನ್ನೂ ಕೊಲ್ಲುವಂತಿಲ್ಲ. ಹೀಗಾಗಿ ರಕ್ತ ಕುಡಿದು ಔಡಲ ಬೀಜದಷ್ಟು ಉಬ್ಬಿದ ಉಣ್ಣಿಗಳನ್ನು ತೆಂಗಿನ ಚಿಪ್ಪಿನಲ್ಲಿ ಹೊತ್ತು ಹಿತ್ತಲ ಗೋಡೆಯ ಬುಡದಲ್ಲಿ ಭಕ್ತಿಯಿಂದ ಬಿಟ್ಟು ಬರುತ್ತಿದ್ದೆ. ಪುಣ್ಯ ಬಂತೆಂದು ಬೀಗಿದ್ದೂ ಉಂಟು.

ಕೆಲವು ವಾರಗಳಲ್ಲಿ ಗೋಡೆಯೇ ಹರಿದಾಡತೊಡಗಿತು. ಎಳ್ಳಿಗಿಂತ ಸಣ್ಣ ಮರಿಗಳು ನಾವು ಬಾಡಿಗೆಗಿದ್ದ ಮನೆಯೊಡತಿಯ ಆರಾಮಕುರ್ಚಿಯವರೆಗೂ ಹೋದವು. ಆಕೆ ನನ್ನನ್ನು ಕರೆಸಿ, ತಿಂಗಳೊಳಗೆ ನಾಯಿ ಹೋಗಬೇಕು, ಇಲ್ಲವೇ ನಾಯಿಯ ಜೊತೆ ಗಂಡ ಹೆಂಡತಿ ಮೂವರೂ ಹೋಗಬೇಕು ಎಂದು ಹಿಂದಿಯಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು.

ದನದ ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರು ಬೆಳಗಾವಿ ಕಡೆಯವರು. ನನ್ನ ಸೋಮವಾರದ ವ್ರತ ಕೇಳಿ ಹಣೆ ಹಿಡಿದುಕೊಂಡರು.

"ಬಸುರಿ ಉಣ್ಣಿ ಒಯ್ದು ನೀವ ಬಾಣಂತನಕ್ಕ ಬಿಟ್ಟೀರಲ್ರಿ" ಎಂದರು.

ಹೊಟ್ಟೆ ತುಂಬಿದ ಮೇಲೆ ಹೆಣ್ಣು ಉಣ್ಣಿಯ ಮೈಯಲ್ಲಿ ಒಂದು ಹಾರ್ಮೋನು ಏರುತ್ತದಂತೆ. ಮರಿಯಿದ್ದಾಗ ಪೊರೆ ಬಿಡು ಎನ್ನುವುದೂ ಅದೇ, ಬೆಳೆದ ಮೇಲೆ ಮೊಟ್ಟೆ ಇಡು ಎನ್ನುವುದೂ ಅದೇ. ನನ್ನ ಹೆಂಡತಿ ನೀಲವ್ವನ ಥೈರಾಯ್ಡಿಗೆ ದಿನಾ ಬೆಳಿಗ್ಗೆ ಗುಳಿಗೆ ಬೇಕು. ಈ ಉಣ್ಣಿ ಮಹಾತಾಯಿಗೆ ಎಲ್ಲವೂ ಹೊತ್ತಿಗೆ ಸರಿಯಾಗಿ, ಪುಕ್ಕಟೆ. ಸಾಲದ್ದಕ್ಕೆ ಅವಳ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳ ಬಿಡಾರ. ರಕ್ತದಲ್ಲಿ ಸಿಗದ ಜೀವಸತ್ವವನ್ನು ಅವು ತಯಾರಿಸಿ ಕೊಡುತ್ತವೆ, ಅವಳು ತನ್ನ ಮೊಟ್ಟೆಯೊಳಗೂ ಅವಕ್ಕೆ ಜಾಗ ಕೊಡುತ್ತಾಳೆ. ಅಂಥ ಮನೆಯೊಡತಿ ನನಗೆಲ್ಲಿ ಸಿಗಬೇಕು? ಸಾವಿರಾರು ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಔಷಧದ ಮಾತು ಬರುವ ಮೊದಲೇ ಎದ್ದು ಬಂದುಬಿಟ್ಟೆ.

ಕರಿಯನನ್ನು ವಾಳಪೈಯಲ್ಲಿ ಗ್ಯಾರೇಜ್ ಇಟ್ಟಿರುವ ನೀಲವ್ವನ ತಮ್ಮನ ಬಳಿ ಬಿಟ್ಟೆ. ನಾನು ಬಸ್ಸು ಹತ್ತುವಾಗ ಕರಿಯನೂ ಹತ್ತಲು ಬಂದ. ಕೆಳಗೆ ತಳ್ಳಿ ಬಾಗಿಲು ಹಾಕಿಕೊಂಡೆ. ನೀಲವ್ವ ಮಾತು ಬಿಟ್ಟಳು.

ಉಣ್ಣಿಗಳು ಮಾತ್ರ ಗೋಡೆ ಬಿಡಲಿಲ್ಲ. ಕೊನೆಗೆ ಡಾಕ್ಟರಿಗೆ ಫೋನು ಮಾಡಿದೆ.

"ನಾಯಿ ಯಾಕ ಕಳಿಸಿದ್ರಿ? ಔಷಧ ಹಚ್ಚಿ ಮನ್ಯಾಗ ಇಟ್ಕೊಂಡಿದ್ರ, ಅದರ ಮೈ ಏರಿದ ಉಣ್ಣಿ ಎಲ್ಲಾ ಸಾಯ್ತಿದ್ವು. ಈಗ ಸಂದ್ಯಾಗ ಕುಂತು ತಿಂಗಳಗಟ್ಲೆ ಕಾಯ್ತಾವ. ಹಸಿವು ತಡಿಯೂದ್ರಾಗ ಭಾಳ ಗಟ್ಟಿ ಅವು."

ಕರಿಯನನ್ನು ವಾಪಸು ಕೇಳಿದರೆ ಭಾವಮೈದ ಕೊಡಲೊಲ್ಲ. ಅವನ ಮಕ್ಕಳಿಗೆ ಅದು ಹೊಂದಿಕೊಂಡುಬಿಟ್ಟಿದೆಯಂತೆ. ಇತ್ತ ಮನೆಯಲ್ಲಿ ರಕ್ತವಿರುವವರು ನಾವಿಬ್ಬರೇ ಉಳಿದೆವು. ನಿನ್ನೆ ನನ್ನ ಕುತ್ತಿಗೆಯಿಂದ ಉಣ್ಣಿಯೊಂದನ್ನು ಕಿತ್ತ ನೀಲವ್ವ ಕಡೆಗೂ ಬಾಯಿ ಬಿಟ್ಟಳು.

"ಕರಿಯಾನ ಇಟ್ಕೊಂಡು ನಿಮ್ಮನ್ನ ವಾಳಪೈಗೆ ಕಳಿಸಬೇಕಿತ್ರಿ."

ಎಲ್ಲ ಕಡೆಯಿಂದಲೂ ವಿಚಾರ ಮಾಡಿ ನೋಡಿದೆ. ಅವಳು ಹೇಳಿದ್ದೇ ಸರಿ.