ಏಳನೇ ಮ್ಯಾಚಿನ ಕಾಲ್ಗುಣ

ಎಲ್ಲಕ್ಕೂ ಮೂಲ ಒಂದು ಕುಕ್ಕರು. ಮೂರು ಸಲ ಕೂಗಿದ ಅದನ್ನು ಆರಿಸಲು ಸತ್ಯನಾರಾಯಣ ಸೋಫಾ ಬಿಟ್ಟು ಅಡಿಗೆಮನೆಗೆ ಹೋದ. ಕೈ ಒಲೆಯ ಗುಂಡಿ ಮುಟ್ಟುವಷ್ಟರಲ್ಲಿ ಟೀವಿ ಕೋಣೆಯಲ್ಲಿ ಹೋ ಎಂದು ಕೂಗೆದ್ದಿತು. ನಮ್ಮೂರ ಐಸ್ ಹಾಕಿ ಟೀಮು ಗೋಲು ಹೊಡೆದಿತ್ತು. ಅವನು ಓಡಿ ಬಂದು ಕೂತ, ಎದುರಾಳಿಗಳು ಹೊಡೆದರು. ಅನ್ನ ಆಗಿದೆಯೇ ನೋಡಲು ಮತ್ತೆ ಎದ್ದ, ನಮ್ಮವರು ಹೊಡೆದರು. ಇಂಡಿಯಾದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ವೆಂಕಟಮ್ಮನವರು ಟೀವಿಯಿಂದ ಕಣ್ಣು ತೆಗೆದು ಅಳಿಯನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಅಷ್ಟೇ ಸಾಕಾಯಿತು.

ಪಾಪ, ಗೋಡೆಯಗಲದ ಆ ಟೀವಿ ತಂದವನು ಅವನೇ. ಅಕ್ಟೋಬರಿನಿಂದ ಟೀಮು ಸೋತು ಸುಣ್ಣವಾಗುತ್ತಿದ್ದಾಗ ಅದರ ಎದುರು ಒಬ್ಬನೇ ಕೂತು ಹೊಟ್ಟೆ ಉರಿಸಿಕೊಂಡವನೂ ಅವನೇ. ಆಗ ಕೆನ್ಮೋರಿನ ಕನ್ನಡದವರಲ್ಲಿ ಯಾರಿಗೂ ಆ ಆಟದ ತಲೆಬುಡ ತಿಳಿದಿರಲಿಲ್ಲ. ಹೊಡೆದಾಡಿದವರನ್ನು ಯಾಕೆ ಗಾಜಿನ ಹಿಂದೆ ಎರಡು ನಿಮಿಷ ಕೂರಿಸುತ್ತಾರೆ ಅಂತ ಹೆಂಡತಿ ಅನುಶ್ರೀಗೆ ಅವನು ನಾಲ್ಕು ಸಲ ಹೇಳಿಕೊಟ್ಟಿದ್ದ. ಟೀಮು ಅದು ಹೇಗೋ ತೆವಳಿಕೊಂಡು ಪ್ಲೇಆಫ್ ಸೇರಿದ್ದೇ ತಡ, ಅಕ್ಕಪಕ್ಕದ ಮೂರು ಸಂಸಾರ ಚಿಪ್ಸು, ಚಕ್ಕುಲಿ ಹಿಡಿದು ಅವನ ಮನೆ ಸೇರಿದವು. ಏಳು ಮ್ಯಾಚಿನಲ್ಲಿ ನಾಲ್ಕು ಗೆದ್ದವರು ಮುಂದಿನ ಸುತ್ತಿಗೆ ಅಂತ ಈಗ ವೆಂಕಟಮ್ಮನವರೇ ಬಂದವರಿಗೆಲ್ಲ ವಿವರಿಸುತ್ತಿದ್ದರು.

ಕ್ರಿಕೆಟ್ ನೋಡುವಾಗ ಕೂತವರು ಕೂತಲ್ಲೇ, ನಿಂತವರು ನಿಂತಲ್ಲೇ ಇರಬೇಕು ಎಂಬ ಕಾನೂನಿನಲ್ಲಿ ಬೆಳೆದ ಜನ. ಆಟ ಬದಲಾದರೆ ಕಾನೂನು ಬದಲಾಗುತ್ತದೆಯೇ? ಎರಡನೇ ಮ್ಯಾಚಿನಿಂದ ಸತ್ಯನಾರಾಯಣನನ್ನು ಗ್ಯಾರೇಜಿಗೆ ದಾಟಿಸಿದರು. ಅಲ್ಲಿ ಅವನು ಫೋನಿನಲ್ಲಿ ಕದ್ದು ನೋಡಿದ ದಿನಗಳಲ್ಲೇ ಟೀಮು ಸೋತಿದ್ದು ಅವನ ಗ್ರಹಚಾರ. ಬೆಲ್ವ್ಯೂನಲ್ಲಿ ಡೇಟಾ ಕೆಲಸ ಮಾಡುವ, ವಿಜಯಪುರ ಕಡೆಯ ಪಕ್ಕದ ಮನೆಯ ಸಂಗನಬಸಪ್ಪ ಅದಕ್ಕೊಂದು ಗ್ರಾಫು ಬರೆದು ಟೀವಿಯ ಮೇಲೇ ತೋರಿಸಿದ.

"ಸತ್ಯಣ್ಣಾರ, ಇದು ನಾ ಹೇಳೂ ಮಾತಲ್ರಿ, ಡೇಟಾ ಹೇಳಾಕತ್ತೈತಿ. ನೀವು ನೋಡಿದ್ರ ಸೋಲ್ತಾರ, ನೋಡಲಿಲ್ಲಂದ್ರ ಗೆಲ್ತಾರ."

ವಿಮಾನದ ರೆಕ್ಕೆಯ ಬೋಲ್ಟು ಪರೀಕ್ಷಿಸುವ ಇಂಜಿನಿಯರು ಸತ್ಯನಾರಾಯಣ. ಇದೆಲ್ಲ ಕಾಕತಾಳೀಯ ಕಣ್ರೀ ಅಂತ ವಾದಿಸಿದ. ಕೇಳುವವರು ಯಾರು? ಮೂರು ಮೂರು ಸಮ ಆಗಿ, ಏಳನೇ ಮ್ಯಾಚು ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅಂತಾಯಿತು. ಭಾನುವಾರ ಬೆಳಿಗ್ಗೆ, ಇದೊಂದನ್ನಾದರೂ ನನ್ನ ಸೋಫಾದ ಮೇಲೆ ಕೂತು ನೋಡುತ್ತೇನೆ ಅಂತ ಅವನು ಹೆಂಡತಿಯನ್ನು ಅಂಗಲಾಚಿದ. ಅನುಶ್ರೀ ಅಮ್ಮನ ಮುಖ ನೋಡಿದಳು.

"ಅಳಿಯಂದ್ರೇ, ಬೇಜಾರ್ ಮಾಡ್ಕೋಬೇಡಿ," ಎಂದರು ವೆಂಕಟಮ್ಮ. "ಗ್ಯಾರೇಜು ಸಾಲ್ದು. ಇವತ್ತೊಂದಿನ ದೂರ ಎಲ್ಲಾದ್ರೂ ಹೋಗ್ಬನ್ನಿ. ಫೋನು ನನ್ ಹತ್ರ ಇರ್ಲಿ."

ಸ್ವಂತ ಮನೆಯಿಂದ ಗಡೀಪಾರಾದ ಸತ್ಯನಾರಾಯಣ ಮೊದಲು ಬಾಥೆಲ್‌ನ ಇಂಡಿಯನ್ ಅಂಗಡಿಗೆ ಹೋದ. ಕೊತ್ತಂಬರಿ ಸೊಪ್ಪು ಆರಿಸುತ್ತಾ ಒಂದು ಗಂಟೆ ಕಳೆಯಬಹುದು ಅಂದುಕೊಂಡಿದ್ದ. ಬಾಗಿಲು ತಳ್ಳಿದರೆ ಗಲ್ಲಾದ ಮೇಲೆ ಟೀವಿ, ಟೀವಿಯಲ್ಲಿ ಮ್ಯಾಚು. ಅವನ ಕಣ್ಣು ಬಿದ್ದ ಕ್ಷಣದಲ್ಲೇ ಎದುರಾಳಿಗಳು ಗೋಲು ಹೊಡೆದರು. ಅಂಗಡಿಯವರು ತೆಲುಗಿನಲ್ಲಿ ಯಾರನ್ನೋ ಶಪಿಸಿದರು. ತನ್ನನ್ನೇ ಇರಬೇಕೆಂದುಕೊಂಡು ಇವನು ಸೊಪ್ಪನ್ನು ಅಲ್ಲೇ ಬಿಟ್ಟು ಹೊರಗೋಡಿದ.

ಕೆರೆ ದಂಡೆಯ ಪಾರ್ಕು ವಾಸಿ ಅಂತ ಹೋಗಿ ಬೆಂಚಿನ ಮೇಲೆ ಕೂತ. ಹಿಂದಿನ ಬೆಂಚಿನವರು ಬ್ಯಾಗಿನಿಂದ ಟ್ಯಾಬ್ಲೆಟ್ಟು ತೆಗೆದು ನಿಲ್ಲಿಸಿದರು. ಏನಾಯಿತು ಅಂತ ತಿರುಗಿ ನೋಡಿದ್ದೇ ತಪ್ಪು, ಎರಡನೇ ಗೋಲೂ ಹೋಯಿತು. ಸೊನ್ನೆ ಎರಡು. ಇಪ್ಪತ್ತು ವರ್ಷ ಬೋಲ್ಟು ನೋಡಿದ ಈ ಕಣ್ಣಲ್ಲೇ ಏನೋ ದೋಷ ಇರಬಹುದೇ ಎಂಬ ಅನುಮಾನ ಮೊದಲ ಸಲ ಹುಟ್ಟಿತು. ಅತ್ತೆ ಹೇಳಿದ್ದು ನಿಜವಾದರೆ ಅವನ ಪ್ರೀತಿಯ ಟೀಮನ್ನು ವರ್ಷವಿಡೀ ಸೋಲಿಸಿದವನು ಅವನೇ.

ಟೀವಿ ಇಲ್ಲದ ಜಾಗ ಸಮುದ್ರವೊಂದೇ ಅಂತ ತೀರ್ಮಾನಿಸಿ ಮುಕಿಲ್ಟಿಯೊಗೆ ಕಾರು ಓಡಿಸಿ, ಆಚೆಯ ದ್ವೀಪಕ್ಕೆ ಹೋಗುವ ಫೆರಿ ಹತ್ತಿದ. ಇಪ್ಪತ್ತು ನಿಮಿಷ ಹೋಗುವುದು, ಇಪ್ಪತ್ತು ನಿಮಿಷ ಬರುವುದು. ಹೋಗುವಾಗ ಮೇಲಿನ ಡೆಕ್ಕಿನಲ್ಲಿ ಗಾಳಿಗೆ ನಡುಗುತ್ತಾ ನೀರನ್ನಷ್ಟೇ ನೋಡಿದ. ವಾಪಸು ಬರುವಾಗ ಚಳಿ ತಡೆಯಲಾರದೆ ಒಳಗೆ ಹೋದರೆ, ಟೀಮಿನ ಜೆರ್ಸಿ ತೊಟ್ಟ ಹತ್ತು ಹನ್ನೆರಡು ಜನ ಒಬ್ಬ ಅಜ್ಜಿಯ ಫೋನಿಗೆ ಮುತ್ತಿಕೊಂಡಿದ್ದರು. ಎರಡು ಎರಡು ಸಮ ಆಗಿ, ಹೆಚ್ಚುವರಿ ಆಟ ನಡೆದಿದೆಯಂತೆ. ಇನ್ನು ಯಾರು ಮೊದಲು ಹೊಡೆದರೂ ಕತೆ ಮುಗಿಯಿತು.

ತಾನು ನೀರು ನೋಡುತ್ತಿದ್ದಾಗಲೇ ಎರಡು ಗೋಲು. ಸತ್ಯನಾರಾಯಣ ಮೆಲ್ಲಗೆ ಹಿಂದೆ ಸರಿದ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಇದ್ದವರಲ್ಲಿ ಉದ್ದ ಇವನೇ. ಅಜ್ಜಿ ಬಂದು ಫೋನನ್ನು ಇವನ ಕೈಗೆ ತುರುಕಿ, ಕಿಟಕಿಯ ಹತ್ತಿರ ಎತ್ತರಕ್ಕೆ ಹಿಡಿ ಮಗು ಅಂದಳು. ಬೇಡ ಅನ್ನಲು ಕಾರಣ ಹೇಳಬೇಕಲ್ಲ. ಇಂಗ್ಲಿಷಿನಲ್ಲಿ ಕಾಲ್ಗುಣ, ಕಣ್ಣುಗುಣ ಅಂತ ವಿವರಿಸುವುದು ಹೇಗೆ? ಫೋನನ್ನು ತಲೆಯ ಮೇಲೆ ಹಿಡಿದು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಕಣ್ಣು ಮುಚ್ಚಿದವನ ಕೈ ನೆಟ್ಟಗಿರುತ್ತದೆಯೇ? ಫೋನು ಸೂರಿನ ಕಡೆ ತಿರುಗಿತು. ಜನ ಒಂದೇ ಸಮ ಗದರಿಕೊಂಡರು. ಕಣ್ಣು ಬಿಟ್ಟು ಹಿಡಿಯಲು ನಿನಗೇನು ಧಾಡಿ ಎಂಬರ್ಥದಲ್ಲಿ ಅಜ್ಜಿ ಅವನ ಪಕ್ಕೆಗೆ ತಿವಿದಳು. ಸತ್ಯನಾರಾಯಣ ದೇವರ ಮೇಲೆ ಭಾರ ಹಾಕಿ ಕಣ್ಣು ಬಿಟ್ಟ. ಅಂಗೈಯಗಲದ ಪರದೆಯಲ್ಲಿ ಚೆಂಡಿನ ಬದಲು ಆಡುವ ಆ ಕರಿ ಬಿಲ್ಲೆ ನಮ್ಮವನೊಬ್ಬನ ಕೋಲಿಗೆ ಸಿಕ್ಕಿ, ಎದುರಾಳಿ ಗೋಲ್‌ಕೀಪರನ ಕಾಲಡಿ ನುಸುಳಿ, ಬಲೆಗೆ ಬಿತ್ತು. ಅವನು ನೋಡುತ್ತಿದ್ದ. ಕಣ್ಣಾರೆ ನೋಡುತ್ತಿದ್ದ.

ಫೆರಿಯೇ ಅಲ್ಲಾಡುವಂತೆ ಜನ ಕುಣಿದರು. ಅಜ್ಜಿ ಅವನನ್ನು ತಬ್ಬಿಕೊಂಡಳು, ಅವನು ಅತ್ತೇಬಿಟ್ಟ. ಟೀಮು ಗೆದ್ದಿತೆಂಬುದಕ್ಕಿಂತ ತಾನು ಪಾಪಿಯಲ್ಲ ಎಂಬ ನೆಮ್ಮದಿ ದೊಡ್ಡದಾಗಿತ್ತು. ತಲೆಯ ಮೇಲಿನ ಮೂಟೆ ಇಳಿಸಿದ ಹಮಾಲಿಯಂತೆ ಹಗುರಾಗಿ ಕಾರು ಓಡಿಸಿದ. ಮುಂದಿನ ಸುತ್ತಿನಲ್ಲಿ ಸೋಫಾದ ನಟ್ಟನಡುವೆ ಕಾಲು ಚಾಚಿ ಕೂರುತ್ತೇನೆ, ಯಾರು ಎಬ್ಬಿಸುತ್ತಾರೋ ನೋಡೋಣ ಅಂತ ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿಕೊಂಡ.

ಮನೆ ಮುಂದೆ ನೋಡಿದರೆ ಅಷ್ಟೂ ಜನ ಜಾಕೆಟ್ಟು ತೊಟ್ಟು ಹುಲ್ಲಿನ ಮೇಲೆ ನಿಂತಿದ್ದಾರೆ. ಒಳಗೆ ಖಾಲಿ ಸೋಫಾದ ಎದುರು ಟೀವಿ ತನ್ನಷ್ಟಕ್ಕೆ ಅರಚುತ್ತಿದೆ. ಅನುಶ್ರೀ ನಡೆದದ್ದು ಹೇಳಿದಳು. ಎರಡನೇ ಗೋಲು ಹೋದ ಮೇಲೆ ವೆಂಕಟಮ್ಮನವರು ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತಾ ಬಂದರಂತೆ. ಮೊದಲು ಸಂಗನಬಸಪ್ಪ, ಆಮೇಲೆ ಅವನ ಗ್ರಾಫು ಒಪ್ಪಿದವರೆಲ್ಲ. ಕೊನೆಗೆ ತಮ್ಮ ಮೇಲೇ ಅನುಮಾನ ಬಂದು ಅವರೂ ಎದ್ದು ಬಂದರಂತೆ. ಗೆದ್ದದ್ದು ಗೊತ್ತಾದದ್ದು ಎದುರು ಮನೆಯವರ ಕೂಗಿನಿಂದ. ಆ ಗೋಲನ್ನು ಯಾರೂ ನೋಡಿಲ್ಲ, ಒಳಗೆ ಹೋಗಲು ಇನ್ನೂ ಯಾರಿಗೂ ಧೈರ್ಯವಿಲ್ಲ.

"ನಾನು ನೋಡಿದೆ," ಎಂದ ಸತ್ಯನಾರಾಯಣ, ಎದೆ ಉಬ್ಬಿಸಿ. ಫೆರಿ, ಅಜ್ಜಿ, ಫೋನು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ.

ಸಂಗನಬಸಪ್ಪ ಗಡ್ಡ ಕೆರೆದುಕೊಂಡು ತನ್ನ ಗ್ರಾಫು ತಪ್ಪೆಂದು ಒಪ್ಪಿಕೊಂಡ. ವೆಂಕಟಮ್ಮನವರ ಕಣ್ಣು ತುಂಬಿ ಬಂತು. ಅಳಿಯನ ಎರಡೂ ಕೈ ಹಿಡಿದುಕೊಂಡು, ಅಪವಾದ ಹೊರಿಸಿದ ತಪ್ಪಿಗೆ ಕ್ಷಮೆ ಕೇಳಿದರು. ಎರಡು ವಾರದ ಅವಮಾನ ಅಲ್ಲಿಗೆ ಮಾಯವಾಯಿತು.

"ನಿಮ್ ಕಣ್ಣೇ ಕಣ್ಣು," ಎಂದರು ಅವರು. "ಇನ್ಮೇಲೆ ನೀವೇ ನೋಡ್ಬೇಕು. ನಾವ್ಯಾರೂ ನೋಡಲ್ಲ, ಟೀವಿ ಆರಿಸಿ ಹೊರಗೇ ನಿಂತಿರ್ತೀವಿ. ಮಂಗಳವಾರದ ಮ್ಯಾಚಿಗೆ ಎಷ್ಟೊತ್ತಿನ ಫೆರಿ ಹತ್ತೋಕೆ ಹೊರಡ್ತೀರಿ? ಯಾವ ಕೈಲಿ ಫೋನ್ ಹಿಡಿದಿದ್ರಿ, ಅದೊಂದ್ ಹೇಳ್ಬಿಡಿ."

ಮನೆಯ ಟೀವಿಯಲ್ಲೇ ನೋಡುತ್ತೇನೆ ಎಂಬ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಅನುಶ್ರೀ ಆಗಲೇ ಅವನ ಕುಲಾವಿ ಹುಡುಕಲು ಒಳಗೆ ಹೋಗಿದ್ದಳು. ಆ ಅಜ್ಜಿಯ ಫೋನ್ ನಂಬರ್ ಈಸಕೊಂಡೀರೇನ್ರಿ ಅಂತ ಸಂಗನಬಸಪ್ಪ ಕೇಳುತ್ತಿದ್ದ. ಮುಂದೆ ಇನ್ನು ಮೂರು ಸುತ್ತು, ಗೆಲ್ಲುತ್ತಾ ಹೋದರೆ ಇಪ್ಪತ್ತೊಂದು ಮ್ಯಾಚಿನವರೆಗೂ ಎಳೆಯಬಹುದು. ಅಕ್ಟೋಬರಿನಿಂದ ಒಂದು ದಿನವೂ ಟೀಮಿನ ಕೈಬಿಡದಿದ್ದ ಸತ್ಯನಾರಾಯಣ ಹುಲ್ಲಿನ ಮೇಲೆ ನಿಂತಲ್ಲೇ ಕಣ್ಣು ಮುಚ್ಚಿ, ಮಂಗಳವಾರದಿಂದ ನಾಲ್ಕಕ್ಕೆ ನಾಲ್ಕೂ ಸೋಲಲಪ್ಪಾ ದೇವರೇ ಎಂದು ಕೈ ಮುಗಿದ.