ಕಾಕಾನ ರಾಜೀನಾಮೆಗಳು

ನಮ್ಮ ಕಾಕಾನಂಥ ಸಂಘಜೀವಿ ಸುತ್ತ ಹತ್ತು ಹಳ್ಳಿಗಳಲ್ಲಿ ಇನ್ನೊಬ್ಬ ಇರಲಿಲ್ಲ. ಸಂಶಿಯ ಆಚೆಗಿನ ನಮ್ಮ ಸಣ್ಣ ಊರಿನಲ್ಲಿ, ಎಂಬತ್ತರ ದಶಕದ ಆ ವರ್ಷಗಳಲ್ಲಿ, ಇದ್ದಬದ್ದ ಸಂಘಗಳಿಗೆಲ್ಲ ಆತ ಸದಸ್ಯ. ಸದಸ್ಯನಾಗದೆ ರಾಜೀನಾಮೆ ಕೊಡುವುದಾದರೂ ಹೇಗೆ, ನೀವೇ ಹೇಳಿ!

ಮೊದಲು ಬಿಟ್ಟದ್ದು ಭಜನಾ ಮಂಡಳಿ. ತಾಳದವನು ತಪ್ಪಿದ ಎಂದು ಹಾಡುವವನ ತಕರಾರು, ಹಾಡುವವನೇ ತಪ್ಪಿದ ಎಂದು ತಾಳದವನ ತಕರಾರು. ಹಾಡುವವನು ನಮ್ಮ ಕಾಕಾ. ಮರುದಿನವೇ ಎರಡು ಹಾಳೆಯ ರಾಜೀನಾಮೆ ಪತ್ರ ತಯಾರಾಯಿತು. "ಸದರಿ ಮಂಡಳಿಯ ಸರ್ವಾಧಿಕಾರಿ ಧೋರಣೆಯನ್ನು ಉಗ್ರವಾಗಿ ಖಂಡಿಸಿ..." ಎಂದು ಅದರ ಆರಂಭ. ಸದರಿ ಮಂಡಳಿ ಎಂದರೆ ಏಳು ಮಂದಿ ಮತ್ತು ಒಂದು ಹರಿದ ಜಮಖಾನೆ! ಮಂಡಳಿಯ ಹಿರಿಯರಿಗೆ ಓದು ಬರುತ್ತಿರಲಿಲ್ಲ. "ನೀನ ಓದಿಬಿಡಪಾ" ಅಂದರು. ಕಾಕಾ ಏರಿಸಿ, ಇಳಿಸಿ, ನಡುನಡುವೆ ಗಂಟಲು ತುಂಬಿಸಿಕೊಂಡು ಓದಿದ. ಹಿರಿಯರು ತಲೆದೂಗಿ, "ನಿನ್ನ ಭಜನಿಗಿಂತ ಇದು ಅಗದಿ ಛಲೋ ಐತಿ. ಇನ್ನೊಮ್ಮೆ ಓದು" ಅಂದರು.

ಆಮೇಲೆ ನಾಟಕದ ಸಂಘ. ರಾಜನ ಪಾತ್ರ ಕೇಳಿದವನಿಗೆ ಮಂತ್ರಿಯ ಪಾತ್ರ ಕೊಟ್ಟರು. ಕಾಕಾ ತಕರಾರು ತೆಗೆಯದೆ ತಾಲೀಮು ಮುಗಿಸಿದ. ಅಲ್ಲೇ ನಮಗೆ ಅನುಮಾನ ಬರಬೇಕಿತ್ತು! ನಾಟಕದ ದಿನ ರಾಜ ಮೀಸೆ ತಿರುವುತ್ತ, "ಮಂತ್ರಿವರ್ಯ, ರಾಜ್ಯದಲ್ಲಿ ಏನು ವಿಶೇಷ?" ಎಂದು ಕೇಳಿದ. ಕಾಕಾ ಎರಡು ಹೆಜ್ಜೆ ಮುಂದೆ ಬಂದು, "ವಿಶೇಷ ಏನಂದ್ರ, ನಾನು ಈ ಸಂಘಕ್ಕ ರಾಜೀನಾಮಿ ಕೊಟ್ಟೇನ್ರಿ" ಎಂದು ಸಾರಿ, ಪೇಟ ತೆಗೆದು ರಾಜನ ತೊಡೆಯ ಮೇಲಿಟ್ಟು ಹೊರಟುಹೋದ. ಜನ ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. ಆ ನಾಟಕದಲ್ಲಿ ಚಪ್ಪಾಳೆ ಬಿದ್ದದ್ದು ಅದೊಂದೇ ಮಾತಿಗೆ.

ಹೀಗೆ ಯುವಕ ಮಂಡಳವೂ ಹೋಯಿತು, ಗರಡಿಮನೆಯೂ ಹೋಯಿತು. ಬೇರೆಯವರ ಸಂಘಗಳು ಮುಗಿದ ಮೇಲೆ ಕಾಕಾ ತನ್ನದೇ ಒಂದು ಸಂಘ ಕಟ್ಟಿದ. ಅಧ್ಯಕ್ಷ ತಾನೇ. ಕಾರ್ಯದರ್ಶಿ ಬೇಕಲ್ಲ? ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ, ಅಂದರೆ ನಮ್ಮ ಕಾಕೂನ ಮುಂದೆ ಸದಸ್ಯತ್ವದ ಅರ್ಜಿ ಹಿಡಿದ. ಕಾಕೂ ತಲೆ ಎತ್ತಲಿಲ್ಲ. "ನಿಮ್ಮ ಸಂಘದಾಗ ಇಪ್ಪತ್ತ ವರ್ಷ ಆತು ಅದೀನಿ. ರಾಜೀನಾಮಿ ಕೊಡಾಕ ಬರಂಗಿಲ್ಲ ಅಂತ ಸುಮ್ಮನದೀನಿ. ಇನ್ನೊಂದು ಯಾಕ?" ಅಂದಳು. ಸಂಘ ಅಲ್ಲಿಗೇ ಬರಖಾಸ್ತಾಯಿತು.

ಉಳಿದದ್ದು ಬಸ್‌ಸ್ಟ್ಯಾಂಡಿನ ಚಾದಂಗಡಿ. ಮುಂಜಾನೆ ಅಲ್ಲಿ ಉದ್ದನೆಯ ಮರದ ಬಾಕಿನ ಮೇಲೆ ಕೂತು ಪೇಪರು ಓದುವ ಐದಾರು ಮಂದಿಯದೂ ಒಂದು ಸಂಘವೇ. ಆದರೆ ಅದಕ್ಕೆ ಅಧ್ಯಕ್ಷನಿಲ್ಲ, ದಫ್ತರವಿಲ್ಲ. ರಾಜೀನಾಮೆ ಕೊಡುವುದು ಯಾರಿಗೆ? ಪಾಪ, ಕಾಕಾ ಅಲ್ಲೇ ಸಿಕ್ಕಿಬಿದ್ದಿದ್ದ.

ಆ ಅಂಗಡಿಯ ಹೊರಗೋಡೆಯಲ್ಲಿ ಗೂಡಿನಂಥ ಒಂದು ಮಾಡ, ಅದರಲ್ಲಿ ಎರಡು ಗ್ಲಾಸು ಇರುತ್ತಿದ್ದವು. ಊರಾಚೆಯ ಕೇರಿಯವರು ಬಂದರೆ ಅವುಗಳಲ್ಲೇ ಚಹ ಕುಡಿದು, ತಾವೇ ತೊಳೆದು, ಮತ್ತೆ ಅಲ್ಲೇ ಇಡಬೇಕು. ನಾವು ಒಳಗೆ ಕೂತು ಪೇಪರಿನಲ್ಲಿ ದೇಶದ ಪ್ರಗತಿಯ ಸುದ್ದಿ ಓದುತ್ತಿದ್ದೆವು.

ಅದೇ ಕೇರಿಯ ಹುಡುಗನೊಬ್ಬ ಧಾರವಾಡದಲ್ಲಿ ಕಲಿತು, ನಮ್ಮೂರ ಶಾಲೆಗೇ ಮಾಸ್ತರನಾಗಿ ಬಂದ. ಒಂದು ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಾದಂಗಡಿಗೆ ಬಂದು ನಿಂತ. ಅಂಗಡಿಯವನ ಕೈ ಅಭ್ಯಾಸಬಲದಿಂದ ಮಾಡದ ಕಡೆ ಹೋಯಿತು.

"ಅದು ಬ್ಯಾಡ್ರಿ. ಒಳಗಿನ ಗ್ಲಾಸಿನ್ಯಾಗ ಕೊಡ್ರಿ" ಅಂದರು ಮಾಸ್ತರರು, ದನಿ ಏರಿಸದೆ.

ಎಲ್ಲರೂ ಪೇಪರಿನಲ್ಲಿ ಮುಖ ಹುದುಗಿಸಿದರು. ಕಾಕಾ ಮಾತ್ರ ಬಾಕಿನ ಮೇಲೆ ಸರಿದು, "ಬರ್ರಿ ಮಾಸ್ತರ, ಇಲ್ಲಿ ಕುಂದರ್ರಿ" ಅಂದ. ಮಾಸ್ತರರು ಕೂತರು. ಉಳಿದವರು ಒಬ್ಬೊಬ್ಬರಾಗಿ ಎದ್ದರು. ಕಾಕಾನಿಗೂ ಹಳೆಯ ಚಟ ಕೆರಳಿತು. "ಹಂಗಾದ್ರ ಇಂಥಾ ಅಂಗಡಿಗೆ ನಾನೂ ಇವತ್ತಿನಿಂದ..." ಎಂದು ಎದ್ದೇಬಿಟ್ಟ.

ಮಾಸ್ತರರು ಅವನ ತೋಳು ಹಿಡಿದರು. "ಕಾಕಾರ, ನೀವು ಎದ್ದು ಹೋದ್ರ ಇವ್ರಿಗೆ ಛಲೋನ ಆತು. ಕುಂದರ್ರಿ."

ಕಾಕಾ ಕೂತ. ಜನ್ಮದಲ್ಲಿ ಮೊದಲ ಸಲ!

ಸಂಜೆ ನಮ್ಮ ಸಮಾಜದ ಹಿರಿಯರು ಮನೆಗೆ ಬಂದರು. "ತಪ್ಪಾತು ಅನ್ನು, ಇಲ್ಲಾ ನಮ್ಮ ಪಂಕ್ತಿಗೆ ನೀ ಬರೂದು ಬ್ಯಾಡ" ಅಂದರು. ಕಾಕಾ ತಪ್ಪಾಯಿತು ಅನ್ನಲಿಲ್ಲ. ಅಷ್ಟು ಸಂಘಗಳಿಗೆ ರಾಜೀನಾಮೆ ಕೊಟ್ಟವನಿಗೆ ಒಂದು ಸಮಾಜವೇ ರಾಜೀನಾಮೆ ಕೊಟ್ಟಿತು.

ಮರುದಿನದಿಂದ ಅಂಗಡಿಯ ಒಳಗೆ ಬಾಕಿನ ಮೇಲೆ ಕಾಕಾ ಮತ್ತು ಮಾಸ್ತರರು. ಉಳಿದ ದೊಡ್ಡ ಮಂದಿಯೆಲ್ಲ ಹೊರಗೆ ಬಿಸಿಲಿನಲ್ಲಿ ನಿಂತು, ಚಹ ಊದಿ ಊದಿ ಕುಡಿಯುವವರು. ಹೊರಗೆ ಹಾಕಿದ್ದು ಯಾರು ಯಾರನ್ನು ಎಂದು ಒಬ್ಬರಿಗೂ ಹೊಳೆಯಲಿಲ್ಲ!

ನಗಬೇಡಿ. ಹೊರಗೆ ನಿಂತವರಲ್ಲಿ ನಾನೂ ಇದ್ದೆ. ನನಗಾಗ ಹೆಣ್ಣು ನೋಡುತ್ತಿದ್ದರು. ಕಾಕಾನ ಬಾಜು ಕೂತರೆ ಹೆಣ್ಣು ಕೊಡುವವರು ಯಾರು? ಕಾಕಾ ಒಮ್ಮೆಯೂ ನನ್ನನ್ನು ಒಳಗೆ ಕರೆಯಲಿಲ್ಲ. ಕರೆದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಹದಿನೈದು ದಿನ ಕಳೆದಿರಬೇಕು. ಮಾಸ್ತರರಿಗೆ ಜ್ವರ ಬಂತು. ಅಂದು ಕಾಕಾ ಒಬ್ಬನೇ ಬಂದು ಕೂತ. ಅಷ್ಟುದ್ದದ ಬಾಕಿನ ತುದಿಯಲ್ಲಿ ಆತ ಇದ್ದಕ್ಕಿದ್ದಂತೆ ಮುದುಕನ ಹಾಗೆ ಕಂಡ. ಎದುರಿನ ಗ್ಲಾಸಿನ ಚಹಕ್ಕೆ ಕೆನೆಗಟ್ಟಿತ್ತು.

ಅಷ್ಟರಲ್ಲಿ ಕಾಕೂ ಬಂದಳು. ನಮ್ಮೂರಲ್ಲಿ ಹೆಂಗಸರು ಚಾದಂಗಡಿಯ ಹೊಸ್ತಿಲು ತುಳಿದದ್ದಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನಮ್ಮ ನಡುವೆಯೇ ಹಾದು, ಹೋಗಿ ಗಂಡನ ಪಕ್ಕ ಕೂತಳು. "ಒಂದು ಚಾ ಕೊಡಪಾ. ಸಕ್ಕರಿ ಕಡಿಮಿ ಹಾಕು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತು ನಿಂದರ್ತಿ? ಕಾಲು ನೋಯವಲ್ವೇನು?" ಅಂದಳು.

ನನ್ನ ಕಾಲು ತಾವಾಗಿಯೇ ಒಳಗೆ ನಡೆದವು. ಕಾಕಾ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ನೋಡಿದ. ಕಾಕೂ ಅಂಗಡಿಯವನಿಂದ ಕೆಟ್ಲಿ ಇಸಕೊಂಡು, ಅದರ ತುಂಬ ಚಹ ಹಾಕಿಸಿ, "ಮಾಸ್ತರಗ ಜ್ವರ ಅಂತ. ನಡೀರಿ, ನೋಡಿ ಬರೂಣು" ಎಂದು ಎದ್ದಳು.

ಮೂವರೂ ಕೇರಿಗೆ ಹೋದೆವು. ಮಾಸ್ತರರ ತಾಯಿ ಬಾಗಿಲಲ್ಲಿ ನಮ್ಮನ್ನು ಕಂಡವಳೇ ಅವಸರದಿಂದ ಬುದ್ಧನ ಪಟದ ಕೆಳಗೆ ಕಂಬಳಿ ಹಾಸಿ, "ಕುಂದರ್ರಿ, ಚಾ ಇಡ್ತೀನ್ರಿ" ಅಂದಳು. ತಂದಿದ್ದ ಕೆಟ್ಲಿಯನ್ನು ಕಾಕೂ ಮೆಲ್ಲಗೆ ಸೆರಗಿನ ಮರೆಗೆ ಸರಿಸಿ, "ಇಡ್ರಿ ಯವ್ವಾ" ಅಂದಳು.

ನಮ್ಮ ಮನೆಯಿಂದ ಆ ಮನೆ ಇನ್ನೂರು ಹೆಜ್ಜೆ. ಅದೇ ಊರಲ್ಲಿ ಹುಟ್ಟಿದ ನನಗೆ ಅಲ್ಲಿಗೆ ಹೋಗಿ ಮುಟ್ಟಲು ಇಪ್ಪತ್ತನಾಲ್ಕು ವರ್ಷ ಹಿಡಿದಿತ್ತು.