ಮೂರನೇ ಮೆಟ್ಟಿಲಿನ ಜಮೀನು

ಕೃಷಿ ಸಹಾಯಧನ ಕಚೇರಿಯ ಮೂರನೇ ಮೆಟ್ಟಿಲು ಜಿಲ್ಲೆಯ ಅತ್ಯಂತ ಫಲವತ್ತಾದ ಜಮೀನೆಂದು ದಾಖಲೆಯಲ್ಲಿದೆ. ಕಳೆದ ವರ್ಷ ಭತ್ತ, ಜೋಳ, ಕಬ್ಬು, ಕುಂಬಳ ಎಲ್ಲವೂ ಅಲ್ಲೇ ಬೆಳೆದಿವೆ. ಇದರಲ್ಲಿ ಮೋಸವೇನೂ ಇಲ್ಲ. ಬೆಳೆಯ ಫೋಟೊ ಕಳುಹಿಸುವ ಆ್ಯಪ್‌ಗೆ ಆ ಮೆಟ್ಟಿಲಿನ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಆದ್ದರಿಂದ ಇಲಾಖೆ ಸುತ್ತೋಲೆ ಹೊರಡಿಸಿತು: "ಅರ್ಜಿದಾರರು ತಮ್ಮ ಹೊಲವನ್ನು ಕಚೇರಿ ವೇಳೆಯಲ್ಲಿ ಖುದ್ದಾಗಿ ಹಾಜರುಪಡಿಸತಕ್ಕದ್ದು. ಹೊಲಕ್ಕೆ ಬರಲು ಅನಾನುಕೂಲವಿದ್ದಲ್ಲಿ, ಅದರ ಪರವಾಗಿ ಒಂದು ಗಿಡ ಹಾಜರಾದರೂ ಸಾಕು."

ಊರೆಲ್ಲ ಟೊಮೆಟೊ ಅಕ್ಕ ಎಂದೇ ಕರೆಯುವ ಹೆಂಗಸಿನ ಹೊಲದಲ್ಲಿ ನೀರೆತ್ತುವ ಮೋಟಾರ್ ಸುಟ್ಟುಹೋಗಿತ್ತು. ಎರಡು ಎಕರೆ ಗಿಡ ಹೂ ಬಿಡುವ ಹೊತ್ತು. ಹದಿನೈದು ದಿನದೊಳಗೆ ನೀರು ಕಾಣದಿದ್ದರೆ ವರ್ಷದ ದುಡಿಮೆಯೆಲ್ಲ ಮಣ್ಣುಪಾಲು. ಹೊಸ ಮೋಟಾರನ್ನು ಸರ್ಕಾರವೇ ಕೊಡುತ್ತದೆಂದು ಕೇಳಿ, ಆಕೆ ಇದ್ದುದರಲ್ಲಿ ಲಕ್ಷಣವಾದ ಗಿಡವೊಂದನ್ನು ಬೇರುಸಮೇತ ಎತ್ತಿ ಕುಂಡಕ್ಕಿಟ್ಟು, ಮಡಿಲಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಳು.

ಫೋಟೊ ಸೊಗಸಾಗಿ ಬಂತು. ಕುಂಡ ವಾಪಸ್ ಎತ್ತಿಕೊಳ್ಳಲು ಹೋದರೆ ಕಚೇರಿಯ ಜವಾನ ತಡೆದ.

"ಅಕ್ಕಾ, ಮುಟ್ಟಬೇಡಿ. ಅದೀಗ ದಾಖಲೆ."

"ದಾಖಲೆಗೆ ನೀರು ಯಾರು ಹಾಕ್ತಾರಪ್ಪಾ?"

"ನಾನೇ. ದಿನಾ ಎರಡು ಹೊತ್ತು. ಅದಕ್ಕೆ ರೂಲ್ಸ್ ಇದೆ."

ಹದಿನೈದು ದಿನ ಹೋಗಿ ನಲವತ್ತಾಯಿತು. ಆಕೆ ಕೊಡದಲ್ಲಿ ನೀರು ಹೊತ್ತಳು. ಎರಡು ಸಾಲು ನೆನೆಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಹೂ ಉದುರಿತು, ಎಲೆ ಸುರುಟಿತು, ಕೊನೆಗೆ ಆ ಎರಡು ಸಾಲೂ ಒಣಗಿದವು. ಬದುವಿನ ಮೇಲೆ ಕೂತು ಗೋಳೋ ಎಂದು ಅತ್ತಳು. ಮೆಟ್ಟಿಲ ಮೇಲಿನ ಗಿಡ ಮಾತ್ರ ಹನ್ನೊಂದು ಕಾಯಿ ಬಿಟ್ಟಿತ್ತು.

ಮಂಜೂರಾತಿ ಬಂದೇ ಬಂತು. ಆಕೆ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಾಗ, ಇಬ್ಬರು ಕೆಲಸಗಾರರು ಹೊಸ ಮೋಟಾರನ್ನು ಮೂರನೇ ಮೆಟ್ಟಿಲಿಗೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು.

"ಸಾರ್, ನನ್ನ ಹೊಲ ಇಲ್ಲಿಲ್ಲ!"

ಸಾಹೇಬರು ಸಾವಧಾನವಾಗಿ ಕಡತ ತೆರೆದರು. "ಇಲ್ಲೇ ಇದೆಯಲ್ಲಮ್ಮಾ. ಫೋಟೊ ತೆಗೆದ ಜಾಗವೇ ಹೊಲ. ಬೆಳೆನೂ ಚೆನ್ನಾಗಿ ಬಂದಿದೆ."

"ಹಾಗಾದ್ರೆ ಆ ಎರಡು ಎಕರೆ?"

"ಅಲ್ಲಿ ಒಂದು ಗಿಡನಾದ್ರೂ ಬದುಕಿದೆಯಾ?"

"ಇಲ್ಲ ಸಾರ್."

"ನೋಡಿ, ನೀವೇ ಹೇಳ್ತಿದ್ದೀರಿ. ಬರಡು ಜಾಗಕ್ಕೆ ಮೋಟಾರ್ ಯಾಕೆ?"

ಮಂಜೂರಾತಿ ಪತ್ರದ ಕೊನೆಯಲ್ಲಿ ಷರತ್ತುಗಳಿದ್ದವು: ಮೋಟಾರನ್ನು ಕದಲಿಸಿದವರಿಗೆ ಏಳು ವರ್ಷ ಯಾವ ಸಹಾಯಧನವೂ ಇಲ್ಲ. ಫಲಾನುಭವಿ ದಿನವೂ ಬೆಳೆಯ ಬಳಿ ಹಾಜರಿರತಕ್ಕದ್ದು. ಆಕೆ ಎರಡು ಸಲ ಓದಿಸಿಕೊಂಡು ಕೇಳಿ, ಸಹಿ ಹಾಕಿದಳು.

ಮೋಟಾರ್ ಶುರುವಾದ ದಿನ ಕಚೇರಿಯ ನೀರಿನ ಟ್ಯಾಂಕ್ ಮೂರು ನಿಮಿಷಕ್ಕೆ ಬರಿದಾಯಿತು. ಅಂದಿನಿಂದ ಸಿಬ್ಬಂದಿ ಕೈತೊಳೆಯಲು ಮನೆಯಿಂದ ನೀರು ತರುತ್ತಾರೆ. ಯಾರೂ ಗೊಣಗುವುದಿಲ್ಲ. ಜಿಲ್ಲೆಯಲ್ಲಿ ಪೂರ್ತಿ ನೀರಾವರಿಯಾದ ಜಮೀನು ಅದೊಂದೇ ಎಂದು ಸಾಹೇಬರಿಗೆ ಪ್ರಶಂಸಾಪತ್ರವೂ ಬಂದಿದೆ.

ಈಗ ಟೊಮೆಟೊ ಅಕ್ಕ ಬೆಳಿಗ್ಗೆ ಒಂಬತ್ತಕ್ಕೆಲ್ಲ ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಸಿದ್ಧ.

"ಎಲ್ಲಿಗೆ ಹೊರಟೆ?" ಎಂದ ಗಂಡ ಮೊನ್ನೆ.

"ಹೊಲಕ್ಕೆ ರೀ."

"ಬರ್ತಾ ಸಾರು ಮಾಡೋಕೆ ಎರಡು ಹಣ್ಣು ಕಿತ್ಕೊಂಡು ಬಾ."

"ಆಗಲ್ಲ ರೀ, ಅವು ದಾಖಲೆ," ಎಂದವಳು ಒಣಗಿದ ಎರಡು ಎಕರೆಯನ್ನು ಅಡ್ಡ ಹಾಯ್ದು, ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದಳು. ತಡವಾದರೆ ಗೈರುಹಾಜರಿ ಹಾಕುತ್ತಾರೆ.